ಬಾನು ಮೇಡಂ ಎಣಿಸಿದ ಕಾಲುವೆ

ಮೆಹರಬಾನು ತನ್ನ ಕಾಲುವೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ನವೆಂಬರ್ ತಿಂಗಳ ಒಂದು ಬೆಳಿಗ್ಗೆ, ಎರಡನೇ ಪೀರಿಯಡ್ಡಿನಲ್ಲಿ. ಸಿಂಧನೂರಿನ ಆ ಕಾಲೇಜಿನಲ್ಲಿ ಪ್ರಥಮ ಪಿಯುಸಿಯ 'ಎ' ಮತ್ತು 'ಬಿ' ವಿಭಾಗಗಳಿಗೆ ನಡುವೆ ಇರುವುದು ಒಂದೇ ಗೋಡೆ. ಗೋಡೆಯ ಮೇಲ್ತುದಿಯಲ್ಲಿ ಗಾಳಿಗೆಂದು ಬಿಟ್ಟ ಜಾಲರಿ. 'ಎ' ವಿಭಾಗದಲ್ಲಿ ಬಾನು ಆಲ್ಕೀನುಗಳ ಪಾಠ ಶುರುಮಾಡಿ, ಕಪ್ಪುಹಲಗೆಯ ಮೇಲೆ ಐದು ಕಾರ್ಬನ್ನುಗಳ ಸರಪಳಿ ಬರೆಯುತ್ತಿದ್ದಳು. ಜಾಲರಿಯಿಂದ 'ಬಿ' ವಿಭಾಗದ ಹೊಸ ಉಪನ್ಯಾಸಕಿ ಆದಮ್ಮನ ದನಿ ಬಂತು.

"ಇದು ಕಾಲುವಿ ಅಂತ ತಿಳಕೋರಿ. ಇಲ್ಲಿ ಡಬಲ್ ಬಾಂಡ್ ಐತಲ್ಲ, ಇದು ಕಾಲುವಿ ಮ್ಯಾಲಿನ ಪೂಲು. ಈಗ ಪೂಲಿನ ತನಕ ನಡೀಬೇಕು. ಯಾರು ನಡೀತೀರಿ?"

ಆಮೇಲೆ ನಗು. ಬೆಂಚುಗಳು ಸರಿದ ಸದ್ದು. ಹುಡುಗರು ಎದ್ದು ನಡೆದಾಡುತ್ತಿರುವ ಸದ್ದು.

ಬಾನುವಿನ ಕೈಯಲ್ಲಿ ಚಾಕ್‌ಪೀಸು ನಿಂತುಹೋಯಿತು. ಸೇತುವೆಯೂ ಅವಳದೇ, ಕಾಲುವೆಯೂ ಅವಳದೇ.

ಅವಳ ತಂದೆ ಬಾಬುಸಾಬ್ ದಢೇಸುಗೂರಿನ ಕಡೆ ಒಂದು ಉಪಕಾಲುವೆಯ ತೂಬುಗಳನ್ನು ಎತ್ತಿ ಇಳಿಸುವ ಕೆಲಸದಲ್ಲಿದ್ದವರು. ಸೈಕಲ್ಲಿನ ಮುಂದಿನ ದಂಡಿಗೆ ಟವೆಲು ಸುತ್ತಿ ಮಗಳನ್ನು ಕೂರಿಸಿಕೊಂಡು ಏರಿಯ ಮೇಲೆ ಹೋಗುತ್ತಿದ್ದರು. ಎರಡೂ ಕಡೆ ಭತ್ತದ ಹಸಿರು. "ಗಿನೋ ಬೇಟಾ" ಎಂದು ಅವರು ದಖ್ಖನಿಯಲ್ಲಿ ಹೇಳಿದ ಕೂಡಲೇ ಬಾನು ಎಣಿಸಲು ತೊಡಗುತ್ತಿದ್ದಳು. ಒಂದನೇ ತೂಬು, ಎರಡನೇ ತೂಬು, ಮೂರನೆಯದು. ಏಳನೇ ತೂಬಿಗೆ ಬಾಬುಸಾಬರ ಹದ್ದು ಮುಗಿಯುತ್ತಿತ್ತು. ಅಲ್ಲಿ ಒಂದು ಬೀಡಿ ಸೇದಿ ಸೈಕಲ್ ತಿರುಗಿಸುತ್ತಿದ್ದರು. "ಆಗೇ ಕಾ ಅಪ್ನಾ ನೈ." ಮುಂದಿನದು ನಮ್ಮದಲ್ಲ. ಮುಂದೆ ಎಷ್ಟು ತೂಬುಗಳಿವೆ, ಆ ನೀರು ಎಲ್ಲಿಯವರೆಗೆ ಹೋಗುತ್ತದೆ ಎಂದು ಬಾನು ಒಂದು ದಿನವೂ ಕೇಳಲಿಲ್ಲ.

ಅವಳ ಮನೆತನದಲ್ಲಿ ಎಂ.ಎಸ್ಸಿ ಮುಗಿಸಿದ ಮೊದಲ ಹೆಣ್ಣುಮಗಳು ಅವಳು. ಈ ಕಾಲೇಜಿಗೆ ಸೇರಿ ಹತ್ತೊಂಬತ್ತು ವರ್ಷ. ಸೇರಿದ ಮೊದಲ ವರ್ಷವೇ ಅವಳಿಗೆ ಒಂದು ವಿಷಯ ತಿಳಿದುಹೋಯಿತು: ಗೊರೇಬಾಳ, ಮುಕ್ಕುಂದದಿಂದ ಬರುವ ಮಕ್ಕಳಿಗೆ ರಸಾಯನಶಾಸ್ತ್ರದ ಭಯಕ್ಕಿಂತ ಅದರ ಹೆಸರುಗಳ ಭಯ ದೊಡ್ಡದು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರು. ಇಲ್ಲಿ ಒಂದೊಂದು ಹೆಸರೂ ಅರ್ಧ ಗೇಣು ಉದ್ದ. ಒಂದು ದಿನ ಬೇರೆ ದಾರಿ ಕಾಣದೆ ಅವಳು ಕಾಲುವೆ ಬರೆದಳು. ಎಲ್ಲಕ್ಕಿಂತ ಉದ್ದನೆಯ ಕಾರ್ಬನ್ ಸರಪಳಿಯೇ ಮುಖ್ಯ ಕಾಲುವೆ. ಅದಕ್ಕೆ ಅಂಟಿಕೊಂಡ ಮೀಥೈಲು, ಈಥೈಲು ಗುಂಪುಗಳು ಉಪಕಾಲುವೆಗಳು. ಎಷ್ಟನೇ ಕಾರ್ಬನ್ನಿನಿಂದ ಹೊರಟಿದೆಯೋ ಆ ನಂಬರನ್ನು ಹೆಸರಿನ ಮುಂದೆ ಇಡಬೇಕು. ಎರಡು ಕಾರ್ಬನ್ನುಗಳ ನಡುವೆ ದ್ವಿಬಂಧ ಬಂದರೆ ಅದು ಸೇತುವೆ. ಸೇತುವೆ ಎಷ್ಟನೆಯದರಲ್ಲಿ ಶುರುವಾಗುತ್ತದೆ ಎಂಬುದನ್ನೂ ಹೇಳಬೇಕು. ಕಾಲುವೆಗಳನ್ನೇ ನಂಬರಿನಿಂದ ಕರೆಯುವ ನಾಡಿನ ಮಕ್ಕಳು. ತಲೆಯಾಡಿಸಿದರು, ನಕ್ಕರು, ಬರೆದರು.

ಆ ಪಾಠ ಅವಳನ್ನು ಲಿಂಗಸುಗೂರಿಗೆ ಕರೆದೊಯ್ದಿತು. ಪ್ರತಿ ಜನವರಿಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲ್ಲೂಕುಗಳ ವಿಜ್ಞಾನದ ಮಕ್ಕಳನ್ನು ಸೇರಿಸಿ ಅಲ್ಲಿ ಎರಡು ದಿನದ ಶಿಬಿರ ನಡೆಯುತ್ತದೆ. ಹೈಡ್ರೋಕಾರ್ಬನ್ನುಗಳ ಪಾಠ ಬಾನು ಮೇಡಂ ಅವರದು ಎಂದು ಯಾರೂ ಚರ್ಚಿಸದೆ ಗೊತ್ತಾಗಿಬಿಟ್ಟಿತ್ತು. ಒಂದು ವರ್ಷ ಬಾಬುಸಾಬರೂ ಬಂದಿದ್ದರು. ಕೊನೆಯ ಬೆಂಚಿನಲ್ಲಿ ಮಕ್ಕಳ ಮಧ್ಯೆ ಟೋಪಿ ಸರಿಮಾಡಿಕೊಂಡು ಕೂತು, ಮುನ್ನೂರು ಮಕ್ಕಳು ತಮ್ಮ ತೂಬುಗಳನ್ನು ಎಣಿಸುವುದನ್ನು ಕೇಳಿದರು. ಹೊರಗೆ ಬಂದು, "ನಮ್ಮ ಕಾಲುವಿಗೆ ಮೈಕ್ ಹಚ್ಚಿದೆಲ್ಲವ್ವಾ" ಎಂದರು. ಮುಂದಿನ ಜನವರಿಗೆ ಅವರು ಇರಲಿಲ್ಲ. ಅಲ್ಲಿಂದ ಈಚೆಗೆ ಶಿಬಿರದ ವೇದಿಕೆ ಹತ್ತಿದಾಗಲೆಲ್ಲ ಬಾನು ಮೊದಲು ನೋಡುವುದು ಕೊನೆಯ ಬೆಂಚನ್ನು.

ಆದಮ್ಮ ಈ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದದ್ದು ಈ ಜೂನಿನಲ್ಲಿ. ಮಸ್ಕಿಯಿಂದಾಚೆಯ ಒಂದು ಹಳ್ಳಿಯ, ಹತ್ತಿ ಬಿಡಿಸುವವರ ಮನೆಯ ಹುಡುಗಿ. ಹತ್ತು ವರ್ಷದ ಹಿಂದೆ ಇದೇ 'ಎ' ವಿಭಾಗದ ಮೂರನೇ ಬೆಂಚಿನಲ್ಲಿ ಕೂತು ಬಾನುವಿನ ಪಾಠ ಕೇಳಿದವಳು. ಅವಳ ಹೆಸರು ನೋಟಿಸಿನಲ್ಲಿ ಕಂಡ ದಿನ ಬಾನು ಸ್ಟಾಫ್ ರೂಮಿಗೆಲ್ಲ ಪೇಡೆ ಹಂಚಿದ್ದಳು. "ನನ್ನ ಸ್ಟೂಡೆಂಟು" ಎಂದು ಹೇಳಿಕೊಂಡಿದ್ದಳು. ಆ ಮಾತು ಆಗಸ್ಟಿಗೆ ಕಡಿಮೆಯಾಯಿತು. ದಸರೆ ಹೊತ್ತಿಗೆ ನಿಂತೇ ಹೋಯಿತು.

ಯಾಕೆಂದರೆ ಪೀರಿಯಡ್ ಮುಗಿದ ಮೇಲೂ 'ಬಿ' ವಿಭಾಗದ ಬಾಗಿಲಲ್ಲಿ ಮಕ್ಕಳು ಮುತ್ತಿಕೊಂಡಿರುತ್ತಿದ್ದರು. ಅವರ ನಡುವೆ 'ಎ' ವಿಭಾಗದ ಮುಖಗಳೂ ಕಾಣುತ್ತಿದ್ದವು. ಬಾನು ಅವುಗಳನ್ನು ಲೆಕ್ಕ ಹಾಕುತ್ತಿದ್ದಳು. ಹಾಕಬಾರದು ಅಂದುಕೊಂಡೂ ಹಾಕುತ್ತಿದ್ದಳು.

ಪ್ರಯೋಗಾಲಯದ ಸಿದ್ದರಾಮ ಒಮ್ಮೆ ಬಂದು ಉರಿಗೆ ಎಣ್ಣೆ ಹೊಯ್ದ.

"ಬಾನು ಮೇಡಂ, ಆದಮ್ಮ ಮೇಡಂ ಕುಸುಬಿ ಎಣ್ಣಿ ತರಿಸ್ಯಾರ್ರಿ. ಬ್ರೋಮಿನ್ ನೀರಿನಾಗ ಹಾಕಿ ಅಲ್ಲಾಡಿಸಿದ್ರ ಕೆಂಪು ಬಣ್ಣ ಹಂಗ ಮಾಯ."

"ಗೊತ್ತೈತಿ ಸಿದ್ದರಾಮ. ಎಣ್ಣಿಯೊಳಗ ಡಬಲ್ ಬಾಂಡ್ ಇರ್ತಾವ. ಬ್ರೋಮಿನ್ ಹೋಗಿ ಅಲ್ಲಿ ಕೂಡ್ತೈತಿ, ಬಣ್ಣ ಹೋಗ್ತೈತಿ."

"ಗೊತ್ತಿದ್ರ ನೀವ್ಯಾಕ ಇಷ್ಟ ವರ್ಷ ತೋರಿಸಿಲ್ರಿ?"

ಬಾನು ಮೊದಲೆಲ್ಲ ತೋರಿಸುತ್ತಿದ್ದಳು. ಯಾವ ವರ್ಷ ಬಿಟ್ಟಳೆಂದು ಅವಳಿಗೇ ನೆನಪಿರಲಿಲ್ಲ. ಆದರೂ ಕಾಲು ಕೇಳದೆ ಪ್ರಯೋಗಾಲಯದ ಬಾಗಿಲವರೆಗೆ ಹೋದಳು. ಆದಮ್ಮನ ಎರಡೂ ಕೈಯಲ್ಲಿ ಎರಡು ಪ್ರನಾಳ. ಕುಸುಬಿ ಎಣ್ಣೆ ಹಾಕಿದ್ದರಲ್ಲಿ ಬಣ್ಣ ಹೋಗಿತ್ತು. ಇನ್ನೊಂದರಲ್ಲಿದ್ದದ್ದು ಟಾಲೂಯಿನ್, ಬೆಂಜೀನಿನ ಉಂಗುರವಿರುವ ದ್ರವ. ಅದರಲ್ಲಿ ಕಿತ್ತಳೆ ಬಣ್ಣ ಮೇಲಿನ ಪದರಕ್ಕೆ ಏರಿ ಕೂತಿತ್ತು, ಹೋಗಿರಲಿಲ್ಲ.

"ಉಂಗುರದ ಮಂದಿ ಇವರು" ಎನ್ನುತ್ತಿದ್ದಳು ಆದಮ್ಮ. "ಆಲ್ಕೀನ್ ಆದ್ರ ಬಂದವರನ್ನ ಕೂಡ್ರಿ ಅಂತೈತಿ. ಇವರು ಹಂಗಲ್ಲ. ಕಬ್ಬಿಣದ ಪುಡೀದೊಂದು ವಶೀಲಿ ತಗೊಂಡು ಬಂದ್ರ ಮಾತ್ರ ಒಳಗ ಬಿಡ್ತಾರ. ಅದೂ ಒಬ್ಬರನ್ನ ಹೊರಗ ಹಾಕಿ ಇನ್ನೊಬ್ಬರನ್ನ ಕರಕೋತಾರ. ಒಂದು ಹೈಡ್ರೋಜನ್ ಹೊರಗ, ಒಂದು ಬ್ರೋಮಿನ್ ಒಳಗ."

ಮಕ್ಕಳು ನಕ್ಕರು. ಆದಮ್ಮ ತಲೆಯೆತ್ತಿ ಬಾನುವನ್ನು ಕಂಡು, "ಬರ್ರಿ ಮೇಡಂ" ಎಂದಳು. ಬಾನು ಗಡಿಯಾರ ನೋಡಿಕೊಂಡು ತಿರುಗಿದಳು. ಹೊರಗೆ ಹೋಗುವ ಹೈಡ್ರೋಜನ್ ಯಾವುದು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅದೇ ವಾರ ಪ್ರಿನ್ಸಿಪಾಲ್ ಶರಣಬಸವ ಇಬ್ಬರನ್ನೂ ಕರೆಸಿದರು. ಲಿಂಗಸುಗೂರಿಗೆ ಈ ಸಲ ಒಂದು ಕಾಲೇಜಿನಿಂದ ಒಬ್ಬರೇ ಬರಬೇಕಂತೆ.

"ಇಬ್ಬರೂ ನಮ್ಮವರ ಅದೀರಿ. ನಾ ಒಬ್ಬರ ಹೆಸರು ಹೇಳಿದ್ರ ಇನ್ನೊಬ್ಬರಿಗೆ ಬ್ಯಾಸರ. ಅದಕ್ಕ ಡಿಸೆಂಬರ್ ಟೆಸ್ಟಿನಾಗ ಈ ಪಾಠದೊಳಗ ಯಾರ ಸೆಕ್ಷನ್ ಮುಂದ ಇರ್ತೈತಿ, ಅವರು ಹೋಗ್ರಿ."

"ಬ್ಯಾಡ್ರಿ ಸರ್, ಮೇಡಮ್ಮಾರೇ ಹೋಗ್ಲಿ" ಎಂದಳು ಆದಮ್ಮ.

ಆ ಮಾತು ಬಾನುವಿಗೆ ಪೇಡೆಗಿಂತ ಹೆಚ್ಚು ಅಂಟಿಕೊಂಡಿತು. ಭಿಕ್ಷೆ ಹಾಕುತ್ತಿದ್ದಾಳೆ ಅನಿಸಿತು. "ಟೆಸ್ಟ್ ಆಗ್ಲಿ ಸರ್" ಎಂದಳು.

ಸಂಜೆ ಗಂಡ ನಾಸೀರನ ಅಂಗಡಿಗೆ ಹೋದಾಗಲೂ ಅವಳ ಮುಖ ಹಾಗೇ ಇತ್ತು. ಭತ್ತದ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಎಣ್ಣೆ ಮಾರುವ ಸಣ್ಣ ಅಂಗಡಿ.

"ಕ್ಯಾ ಹುವಾ, ಮೂ ಕೈಕು ಫುಲಾಲಿ?" ಎಂದ ನಾಸೀರ್. ಮುಖ ಯಾಕೆ ಊದಿಸಿಕೊಂಡಿದ್ದೀ ಎಂದು. ಗಿರಾಕಿ ಒಳಗೆ ಬಂದದ್ದರಿಂದ ಕನ್ನಡಕ್ಕೆ ತಿರುಗಿದ. "ಆ ಹುಡುಗಿ ಏನ್ ಮಾಡ್ಯಾಳ ನಿನಗ?"

"ನಮ್ಮಪ್ಪನ ಕಾಲುವಿ ಕದ್ದಾಳ."

"ಸರಕಾರದ ಕಾಲುವಿ ಅದು. ನಿಮ್ಮಪ್ಪ ತೂಬು ಎತ್ತತಿದ್ದ ಅಷ್ಟ."

ಗಿರಾಕಿ ನಕ್ಕ. ಬಾನು ನಗಲಿಲ್ಲ. ಕಪಾಟಿನ ಡಬ್ಬಿಗಳ ಮೇಲಿನ ಉದ್ದುದ್ದ ಹೆಸರುಗಳನ್ನು ಓದುತ್ತ ಕೂತಳು. ಕ್ಲೋರೋ, ಫೀನೈಲ್, ಡೈಮೀಥೈಲ್. ನಂಬರುಗಳೆಲ್ಲ ತಂತಮ್ಮ ಜಾಗದಲ್ಲಿದ್ದವು.

ಟೆಸ್ಟಿನ ಪ್ರಶ್ನೆಪತ್ರಿಕೆ ಹೊರಗಿನಿಂದ ಬಂತು. ಆ ಕಾಲೇಜಿನಲ್ಲಿ ಒಂದು ಪದ್ಧತಿ ಇದೆ: ಒಬ್ಬರ ವಿಭಾಗದ ಉತ್ತರಪತ್ರಿಕೆಗಳನ್ನು ಇನ್ನೊಬ್ಬರು ನೋಡಬೇಕು. ಹಾಕಿದ ಅಂಕವನ್ನು ತಿದ್ದಿದರೆ ಪಕ್ಕದಲ್ಲಿ ತಿದ್ದಿದವರ ಸಹಿ ಬೇಕು. 'ಬಿ' ವಿಭಾಗದ ಐವತ್ತೇಳು ಪತ್ರಿಕೆಗಳ ಕಟ್ಟು ಬಾನುವಿನ ಪಾಲಿಗೆ ಬಂತು.

ಅವಳು ತಪ್ಪು ಹುಡುಕಲೆಂದೇ ಕೂತಳು. ಹೆಸರಿಡುವ ಪ್ರಶ್ನೆಯಲ್ಲಿ ಸಿಗಲಿಲ್ಲ. ಪ್ರೊಪೀನಿಗೆ ಹೈಡ್ರೋಜನ್ ಬ್ರೋಮೈಡ್ ಸೇರಿದರೆ ಏನಾಗುತ್ತದೆ ಎಂಬಲ್ಲಿಯೂ ಸಿಗಲಿಲ್ಲ. ಹೆಚ್ಚು ಹೈಡ್ರೋಜನ್ನುಗಳಿರುವ ಕಾರ್ಬನ್ನಿಗೇ ಹೊಸ ಹೈಡ್ರೋಜನ್ ಹೋಗುತ್ತದೆ ಎಂದು ನೆಟ್ಟಗೆ ಬರೆದಿದ್ದರು. ಹನ್ನೊಂದನೇ ಪ್ರಶ್ನೆಗೆ ಅವಳ ಪೆನ್ನು ನಿಂತಿತು. ಬೆಂಜೀನಿನಲ್ಲಿ ದ್ವಿಬಂಧಗಳಿದ್ದರೂ ಅದು ಬ್ರೋಮಿನ್ ನೀರಿನ ಬಣ್ಣ ಕಳೆಯುವುದಿಲ್ಲ, ಯಾಕೆ? ಎರಡು ಅಂಕ.

ಮಕ್ಕಳೆಲ್ಲರೂ ತಡವರಿಸುವ ಇಂಗ್ಲಿಷಿನಲ್ಲಿ ಉತ್ತರ ಬರೆದಿದ್ದರು. ಆ ದ್ವಿಬಂಧಗಳ ಆರು ಎಲೆಕ್ಟ್ರಾನುಗಳು ಯಾವ ಇಬ್ಬರ ಸ್ವತ್ತೂ ಅಲ್ಲ, ಉಂಗುರದ ಆರೂ ಕಾರ್ಬನ್ನುಗಳಿಗೆ ಸೇರಿದವು. ಬ್ರೋಮಿನ್ನನ್ನು ಕೂಡಿಸಿಕೊಳ್ಳಲು ಒಬ್ಬರು ತಮ್ಮ ಪಾಲು ಬಿಡಿಸಿಕೊಂಡರೆ ಉಂಗುರದ ಬಲವೇ ಹೋಗುತ್ತದೆ. ಆದ್ದರಿಂದ ಕೂಡಿಕೆ ಒಲ್ಲದು, ಬದಲಿ ಮಾತ್ರ.

ಉತ್ತರ ಸರಿ ಇತ್ತು. ಬಾನುವಿಗೆ ಅದು ಓದಿದ ಕ್ಷಣವೇ ಗೊತ್ತಿತ್ತು. ಆದರೆ ಪುಸ್ತಕದಲ್ಲಿರುವ 'ರೆಸೊನೆನ್ಸ್' ಎಂಬ ಪದ ಅದರಲ್ಲಿರಲಿಲ್ಲ. ಅವಳ ಕೈ 'ಒಂದು' ಎಂದು ಬರೆಯಿತು. ಮುಂದಿನ ಪತ್ರಿಕೆಯಲ್ಲೂ ಆ ಪದ ಇರಲಿಲ್ಲ. ಅಲ್ಲೂ ಒಂದು. ಐವತ್ತೇಳನೆಯದು ಮುಗಿದಾಗ ಕೆಂಪು ಪೆನ್ನಿನ ಮುಚ್ಚಳ ಹಾಕಿ, ಒಂದು ಲೋಟ ನೀರು ಕುಡಿದಳು. ನಿಯಮದ ಪ್ರಕಾರವೇ ಮಾಡಿದ್ದೇನೆ ಎಂದು ಮನಸ್ಸಿಗೆ ಹೇಳಿದಳು. ಮನಸ್ಸು ಕೇಳಿದಂತೆ ನಟಿಸಿತು.

ಶನಿವಾರ ಮಧ್ಯಾಹ್ನ ಸ್ಟಾಫ್ ರೂಮು ಖಾಲಿಯಾದ ಮೇಲೆ ಆದಮ್ಮ 'ಎ' ವಿಭಾಗದ ಕಟ್ಟು ಹಿಡಿದು ಬಂದಳು. ಕೂರಲಿಲ್ಲ.

"ಮೇಡಂ, ಕೊಡೂಕಿಂತ ಮೊದಲ ನಿಮಗೊಂದು ತೋರಿಸಬೇಕು. ನಾಲ್ಕನೇ ಪ್ರಶ್ನೆ, ಒಂದ ಮಾರ್ಕಿಂದು."

ಪತ್ರಿಕೆಯಲ್ಲಿ ಐದು ಕಾರ್ಬನ್ನುಗಳ ಸರಪಳಿ ಇತ್ತು. ದ್ವಿಬಂಧ ಬಲತುದಿಗೆ ಹತ್ತಿರ. ಬಲದಿಂದ ಎಣಿಸಿದರೆ ಅದು ಎರಡನೇ ಕಾರ್ಬನ್ನಿನಲ್ಲಿ ಶುರುವಾಗುತ್ತದೆ. ಸಣ್ಣ ನಂಬರು ಬರುವ ಕಡೆಯಿಂದಲೇ ಎಣಿಸಬೇಕಾದ್ದರಿಂದ ಅದರ ಹೆಸರು ಪೆಂಟ್-2-ಈನ್. ಬಾನುವಿನ ವಿದ್ಯಾರ್ಥಿ ಪೆಂಟ್-3-ಈನ್ ಎಂದು ಬರೆದಿದ್ದ.

"ಒಬ್ಬ ತಪ್ಪು ಬರದಾನ. ಅದಕ್ಕೇನೀಗ?"

"ಒಬ್ಬ ಅಲ್ರಿ. ನಲವತ್ತೊಂದು ಮಂದಿ. ಎಲ್ಲಾರದೂ ಮೂರ. ಹಿಂಗ ಕೊಟ್ರ ಪ್ರಿನ್ಸಿಪಾಲರು ಕಾಪಿ ಹೊಡದಾರ ಅಂತ ತಿಳಕೋತಾರ."

ಬಾನು ಕಟ್ಟನ್ನು ಆಚೆ ತಳ್ಳಿದಳು. "ಮನಸು ತಣ್ಣಗಾತೇನು ನಿಂದು? ಲಿಂಗಸುಗೂರಿಗೆ ಬಸ್ ಟಿಕೆಟ್ ತಗೊಂಡಿ ಇಲ್ಲೋ ಇನ್ನಾ?"

ಆದಮ್ಮ ಸ್ವಲ್ಪ ಹೊತ್ತು ಪತ್ರಿಕೆಗಳ ಅಂಚನ್ನು ಸರಿಮಾಡಿದಳು. ಆಮೇಲೆ ಬಾನುವಿನ ಎದುರಿನ ಕುರ್ಚಿಯಲ್ಲಿ ಕೂತಳು.

"ಅವರು ಕಾಪಿ ಹೊಡದಿಲ್ರಿ. ಕಾಲುವಿ ಎಣಿಸ್ಯಾರ. ನೀವು ಬೋರ್ಡಿನ ಮ್ಯಾಲೆ ಯಾವಾಗಲೂ ಪೂಲು ಎಡಕ್ಕ ಬರೀತೀರಿ. ನೀರು ಬರೂದೂ ಎಡಕಿನಿಂದ, ಎಣಸೂದೂ ಎಡಕಿನಿಂದ. ಈ ಹುಡುಗರ ಊರಾಗೆಲ್ಲಾ ಕಾಲುವಿ ತಲಿ ಇರೂದು. ಇನ್ನೊಂದು ಕಡಿಂದ ಎಣಸಬಹುದು ಅಂತ ಅವರಿಗೆ ಹೊಳಿಯಂಗಿಲ್ಲ."

"ಸಣ್ಣ ನಂಬರ್ ಬರೋ ಕಡಿಂದ ಅಂತ ನಾನು ಬರೆಸೀನಿ. ನೋಟ್ಸಿನಾಗ ಐತಿ."

"ಐತ್ರಿ. ನನ್ನ ನೋಟ್ಸಿನಾಗೂ ಇತ್ತು." ಆದಮ್ಮ ಮೆಲ್ಲಗೆ ನಕ್ಕಳು. "ನಾ ಉಲ್ಟಾ ಎಣಸತಿದ್ದೆ. ನಿಮಗ ನೆನಪಿಲ್ಲ. ನಮ್ಮ ಹೊಲ ಕಾಲುವಿ ಕಟ್ಟಕಡೀಕ. ನಮ್ಮಪ್ಪ ಅಲ್ಲಿಂದ ಎಣಸತಿದ್ದ: ನಮ್ಮದು ಒಂದು, ಮ್ಯಾಲಿನವರದು ಎರಡು, ನೀರು ಇವತ್ತು ಎಷ್ಟನೇ ತೂಬಿನ ತನಕ ಬಂದೈತಿ ಅಂತ. ಅದಕ್ಕ ನಾನೂ ಬಲಕಿನಿಂದ ಎಣಿಸಿ ತಪ್ಪು ಬರದೆ. ನೀವು ಕೆಂಪು ಸುತ್ತು ಹಾಕಿ, 'ನೀರು ಯಾವ ಕಡಿಂದ ಬರ್ತೈತಿ ಗೊತ್ತಿಲ್ಲೇನ್ ನಿನಗ' ಅಂದ್ರಿ. ಎಲ್ಲಾರೂ ನಕ್ಕರು."

ಬಾನುವಿಗೆ ನಿಜಕ್ಕೂ ನೆನಪಿರಲಿಲ್ಲ.

"ನಮ್ಮೂರಿಗೆ ನೀರ ಬರ್ತಿದ್ದಿಲ್ಲಲ್ರಿ. ಯಾವ ಕಡಿಂದ ಬರ್ತೈತಿ ಅಂತ ಹೆಂಗ ಗೊತ್ತಾಗ್ಬೇಕು?" ಆ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಬಿಡಿಸಿ ತೋರಿಸುವ ಸಮಾಧಾನವಿತ್ತು. "ಅವತ್ತಿನಿಂದ ನಾ ಎರಡೂ ಕಡಿಂದ ಎಣಸೂದು ಕಲತೆ. ಈಗ ಕ್ಲಾಸಿನಾಗ ಇಬ್ಬರನ್ನ ಎರಡು ತುದಿಗೆ ನಿಲ್ಲಿಸಿ ಪೂಲಿನ ತನಕ ನಡಸ್ತೀನಿ. ಯಾರು ಮೊದಲು ಮುಟ್ತಾರ ಅವರ ನಂಬರ್. ಕಾಲುವಿ ನಿಮ್ಮದ ಐತ್ರಿ ಮೇಡಂ. ಮೊದಲನೇ ದಿನಾನ ನಾ ಹುಡುಗರಿಗೆ ಹೇಳೀನಿ."

ಜಾಲರಿಯಿಂದ ಅದೊಂದು ಮಾತು ಮಾತ್ರ ಈಚೆಗೆ ಬಂದಿರಲಿಲ್ಲ.

"ಮಾರ್ಕ್ಸ್ ಕಡದೀನ್ರಿ, ತಪ್ಪು ತಪ್ಪ" ಎಂದು ಆದಮ್ಮ ಎದ್ದಳು. "ಆದ್ರ ಕಾಪಿ ಅಲ್ಲ, ಎಣಿಸಿದ ರೀತಿ ಅಂತ ಒಂದು ಚೀಟಿ ಬರದು ಇಟ್ಟೀನಿ. ನೀವೊಮ್ಮೆ ನೋಡಿದ್ರ ಕೊಡ್ತೀನಿ."

ಬಾನು ಚೀಟಿ ಓದಿ ಮರಳಿಸಿದಳು. ಅದರಲ್ಲಿ ತನ್ನ ಮೇಲೆ ಒಂದು ಮಾತೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ನಾಸೀರನ ಅಂಗಡಿಯ ಹಿಂಭಾಗದಲ್ಲಿ ಗೊಬ್ಬರದ ಚೀಲಗಳ ಮೇಲೆ 'ಬಿ' ವಿಭಾಗದ ಕಟ್ಟು ಬಿಚ್ಚಿಕೊಂಡು ಕೂತಳು. ಅವಳ ಎದೆಯಲ್ಲಿ ಎರಡು ಸಂಖ್ಯೆಗಳು ಎದುರುಬದುರು ನಿಂತಿದ್ದವು. ತನ್ನ ಮಕ್ಕಳು ನಿಜವಾಗಿ ಕಳೆದುಕೊಂಡದ್ದು ನಲವತ್ತೊಂದು ಅಂಕ. ಆದಮ್ಮನ ಮಕ್ಕಳಿಂದ ತಾನು ಕಸಿದದ್ದು ಐವತ್ತೇಳು. ತಲೆಯ ಲೆಕ್ಕದಲ್ಲೂ ಉಳಿದೆಲ್ಲ ಅಂಕಗಳಲ್ಲೂ ಎರಡೂ ವಿಭಾಗಗಳು ಸರಿಸಮ. ಹಾಗೇ ಬಿಟ್ಟರೆ ಲಿಂಗಸುಗೂರು ಅವಳದು. ತಿದ್ದಿದರೆ ಅಲ್ಲ.

ಬಿಟ್ಟುಬಿಡಲು ಬೇಕಾದ ಕಾರಣಗಳೆಲ್ಲ ಒಂದೊಂದಾಗಿ ಬಂದವು; ಪುಸ್ತಕದ ಪದ ಇರಲೇಬೇಕು ಎಂಬುದೂ ಬಂತು. ಅದರ ಬೆನ್ನಿಗೇ, ನನ್ನ ವಿಭಾಗದವರು ಬೇರೇನೂ ಬರೆಯದೆ ಆ ಒಂದು ಪದ ಮಾತ್ರ ಬರೆದಿದ್ದರೂ ನಾನು ಎರಡು ಅಂಕ ಕೊಡುತ್ತಿದ್ದೆನಲ್ಲ ಎಂಬುದೂ ಬಂತು. ಕೊನೆಗೆ ಕಂಡದ್ದು ಹದಿನಾರು ವರ್ಷದ ಒಂದು ಹುಡುಗಿ, ಮೂರನೇ ಬೆಂಚಿನಲ್ಲಿ, ಕೆಂಪು ಸುತ್ತಿನ ಮೇಲೆ ಅಂಗೈ ಮುಚ್ಚಿಕೊಂಡು. ಮುಖ ನೆನಪಿರಲಿಲ್ಲ. ಅಂಗೈಯನ್ನು ಕಲ್ಪಿಸಿಕೊಂಡಳು.

ಮೊದಲನೇ ಪತ್ರಿಕೆಯ 'ಒಂದು' ಹೊಡೆದು ಹಾಕಿ 'ಎರಡು' ಬರೆದಳು. ಪಕ್ಕದಲ್ಲಿ ಸಹಿ. ಎರಡನೆಯದಕ್ಕೆ ಸಹಿ. ಮೂರನೆಯದಕ್ಕೆ.

ನಾಸೀರ್ ಇಣುಕಿ ನೋಡಿದ. "ಏನ್ ಸಹಿ ಹಾಕಾಕತ್ತೀಯೇ ಇಷ್ಟು? ತಹಶೀಲ್ದಾರ್ ಆದೆ ಏನು?"

"ಮಾಡಿದ್ದು ಉಣ್ಣಾಕತ್ತೀನಿ" ಎಂದಳು.

ಸೋಮವಾರ ಶರಣಬಸವ ಕಟ್ಟನ್ನು ತಿರುವಿ ಹಾಕಿ, ಕನ್ನಡಕ ತೆಗೆದು ನೋಡಿದರು.

"ಐವತ್ತೇಳೂ ಪೇಪರಿನಾಗ ಹನ್ನೊಂದನೇ ಪ್ರಶ್ನೆ ತಿದ್ದೀರಿ, ಬಾನು ಮೇಡಂ."

"ಹೌದ್ರಿ ಸರ್."

"ಐವತ್ತೇಳು ಸಲ ತಪ್ಪಿದ್ರೇನು?"

"ಒಂದ ಸಲ ತಪ್ಪೀನ್ರಿ. ಬರದದ್ದು ಐವತ್ತೇಳು ಸಲ."

ಅವರು ಆದಮ್ಮನ ಚೀಟಿಯನ್ನೂ ಓದಿ, ಎರಡೂ ಕಟ್ಟುಗಳನ್ನು ಒಂದರ ಮೇಲೊಂದು ಇಟ್ಟು, ಲಿಂಗಸುಗೂರಿನ ಪತ್ರದಲ್ಲಿ ಹೆಸರು ತುಂಬಿದರು. ತಲೆಕೆಳಗಾಗಿ ಕಂಡರೂ ಬಾನು ಅದನ್ನು ಓದಿದಳು. ಒಳ್ಳೆಯದು ಮಾಡಿದ ಸಮಾಧಾನ ಬರುತ್ತದೆ ಎಂದು ಕಾದಳು. ಬರಲಿಲ್ಲ. ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಇತ್ತು, ಜೊತೆಗೆ ಇಷ್ಟು ನಾಚಿಕೆ.

ಜನವರಿಯ ಶಿಬಿರದ ದಿನ ಆದಮ್ಮ ಬೆಳಿಗ್ಗೆಯೇ ಲಿಂಗಸುಗೂರಿನ ಬಸ್ಸು ಹತ್ತಿದ್ದಳು. ಎರಡೂ ವಿಭಾಗಗಳನ್ನು ಸೇರಿಸಿ ಬಾನುವಿಗೆ ಕೊಟ್ಟಿದ್ದರು. ಒಂದೊಂದು ಬೆಂಚಿಗೆ ಐದೈದು ಮಂದಿ. ಹತ್ತೂವರೆಗೆ ಅವಳು ಗಡಿಯಾರ ನೋಡಿದಳು. ಈಗ ಅಲ್ಲಿ ಮೈಕು ಸರಿಮಾಡುತ್ತಿರುತ್ತಾರೆ. ಈಗ ಆದಮ್ಮ ವೇದಿಕೆ ಹತ್ತುತ್ತಿರುತ್ತಾಳೆ. ಕೊನೆಯ ಬೆಂಚಿನಲ್ಲಿ ಯಾರು ಕೂತಿರಬಹುದು, ಅವಳ ಅಪ್ಪ ಬಂದಿರಬಹುದೇ ಎಂದು ಯೋಚನೆ ಬಂದು, ಹಲ್ಲು ಕಚ್ಚಿ ಚಾಕ್‌ಪೀಸು ತೆಗೆದುಕೊಂಡಳು.

ಐದು ಕಾರ್ಬನ್ನುಗಳ ಸರಪಳಿ ಬರೆದಳು. ದ್ವಿಬಂಧವನ್ನು ಬಲತುದಿಗೆ ಎಳೆದಳು. ಕೈ ಎಡಕ್ಕೇ ಹೋಗಲು ಹಟ ಮಾಡಿತು, ಹೋಗಗೊಡಲಿಲ್ಲ.

"ಇಬ್ಬರು ಏಳ್ರಿ. ಒಬ್ಬರು ಈ ತುದಿಗೆ, ಒಬ್ಬರು ಆ ತುದಿಗೆ. ಪೂಲಿನ ತನಕ ನಡೀರಿ."

ಮುಕ್ಕುಂದದಿಂದ ಬರುವ ಕಹಕಶಾ ಎಂಬ ಹುಡುಗಿ ಮುಂದಿನ ಬೆಂಚಿನಿಂದ ಕತ್ತೆತ್ತಿದಳು. ಅವಳು 'ಬಿ' ವಿಭಾಗದವಳು.

"ಮೇಡಂ, ಇದು ಆದಮ್ಮ ಮೇಡಮ್ಮಾರ ಲೆಕ್ಕ ಅಲ್ರಿ?"

ಇದು ನಮ್ಮಪ್ಪನ ಕಾಲುವೆ ಎಂಬ ಮಾತು ಬಾನುವಿನ ನಾಲಿಗೆಯ ತುದಿಗೆ ಬಂತು. ಏಳನೇ ತೂಬು, ಬೀಡಿಯ ಹೊಗೆ, ತಿರುಗಿದ ಸೈಕಲ್ಲು, ಅದರಾಚೆ ಅವಳು ಕಂಡೇ ಇರದ ನೀರು.

"ಹೌದು, ಅವರದ" ಎಂದಳು. "ಬರಕೋ."

ಹಲಗೆಯ ಬಲತುದಿಗೆ ಹೋಗಿ, ಕೊನೆಯ ಕಾರ್ಬನ್ನಿನ ಕೆಳಗೆ 'ಒಂದು' ಎಂದು ಬರೆದಳು. ಚಾಕ್‌ಪೀಸು ಒತ್ತಿದ ಜೋರಿಗೆ ಮುರಿಯಿತು.